ಗುಂಡಿಗೆ ಜಾಕೆಟ್ ಇದೆ, ಲಾರಿಗೆ?



ಕಳೆದ ವಾರ ನಮ್ಮ ಆಫೀಸಿನ ವಾಟ್ಸಾಪ್ ನಂಬರಿಗೆ ಒಂದು ವಾಯ್ಸ್ ಮೆಸೇಜ್ ಬಂತು. ರಾಯಚೂರು ಜಿಲ್ಲೆ, ಮಾನ್ವಿ ಕಡೆಯ ಹೆಣ್ಣುಮಗಳು. ಹೆಸರು ಹೇಳಬೇಡಿ ಅಂದಿದ್ದಾರೆ, ಹೇಳಲ್ಲ. ಮಾತು ಮಾತ್ರ ಅವರದ್ದೇ ಧಾಟಿಯಲ್ಲಿ ಕೇಳಿಸಿಕೊಳ್ಳಿ.

"ಸರ, ನನ್ನ ತಮ್ಮ ರೆವಿನ್ಯೂದಾಗ ಅದಾನ್ರಿ. ರಾತ್ರಿ ಹೊಳಿ ದಂಡಿಗೆ ಮರಳಿನ ಡ್ಯೂಟಿ ಹಾಕ್ತಾರ. ಅಂವ ಮನಿಗೆ ಬರೋತನಕ ನಮ್ಮವ್ವ ಮಲಗಂಗಿಲ್ಲ. ಆನ್‌ಲೈನ್‌ನ್ಯಾಗ ಬುಲೆಟ್ ಪ್ರೂಫ್ ಜಾಕೀಟ ಸಿಗ್ತಾವಂತಲ್ರಿ, ಒಂದು ತರಿಸಿ ಕೊಡ್ಲೇನು? ತರಿಸಿದ್ರ ನಮ್ಮ ಮ್ಯಾಲೇ ಕೇಸ್ ಆಗ್ತದೇನ್ರಿ?"

ಇಷ್ಟೇ ಮೆಸೇಜು. ನಾನು ಎರಡು ಸಲ ಕೇಳಿದೆ. ಒಬ್ಬ ಅಕ್ಕ ತನ್ನ ತಮ್ಮನಿಗೆ ರಾಖಿ ಕಟ್ಟೋ ಬದಲು ಬುಲೆಟ್ ಪ್ರೂಫ್ ಜಾಕೆಟ್ ಕೊಡಿಸಬೇಕಾ ಅಂತ ಕೇಳ್ತಿದ್ದಾರೆ. ತಮ್ಮ ಗಡಿಯಲ್ಲಿರೋ ಸೈನಿಕ ಅಲ್ಲ, ಪೊಲೀಸೂ ಅಲ್ಲ. ಪಹಣಿ, ಜಾತಿ ಪ್ರಮಾಣಪತ್ರ, ಬೆಳೆ ಸಮೀಕ್ಷೆ ನೋಡ್ಕೊಳ್ಳೋ ಇಲಾಖೆಯ ನೌಕರ.

ಆಕೆಯ ಭಯ ಸುಳ್ಳಲ್ಲ. ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯಲ್ಲಿ ಚೀಕಲಪರ್ವಿ ಅಂತ ಒಂದು ಊರಿದೆ. ದಾಸ ಸಾಹಿತ್ಯ ಗೊತ್ತಿರೋರಿಗೆ ಈ ಹೆಸರು ಹೊಸದಲ್ಲ. ಸುಳಾದಿಗಳಿಗೆ ಹೆಸರಾದ ವಿಜಯದಾಸರ ಊರು ಇದು. 'ವಿಜಯವಿಠಲ' ಅಂಕಿತದಲ್ಲಿ ಅವರು ಬರೆದದ್ದನ್ನು ಇವತ್ತಿಗೂ ಭಜನಾ ಮಂಡಳಿಗಳು ಹಾಡ್ತವೆ. ಅಂಥ ಊರಿನ ಹೆಸರು 2018ರ ಡಿಸೆಂಬರ್‌ನಲ್ಲಿ ನಮ್ಮ ಬ್ರೇಕಿಂಗ್ ನ್ಯೂಸ್ ಪಟ್ಟಿಯಲ್ಲಿ ಓಡಿತು. ಅಕ್ರಮ ಮರಳು ತಡೆಯೋ ಕೆಲಸದಲ್ಲಿದ್ದ ಗ್ರಾಮ ಲೆಕ್ಕಿಗರೊಬ್ಬರು ಮರಳಿನ ಲಾರಿಯನ್ನು ನಿಲ್ಲಿಸೋಕೆ ಹೋದರು. ಲಾರಿ ಅವರ ಮೇಲೇ ಹರಿಯಿತು. ಸತ್ತುಹೋದರು.

ಎರಡು ದಿನ ಸುದ್ದಿ. ಮೂರನೇ ದಿನ ನಾವೂ ಬೇರೆ ಸುದ್ದಿಗೆ ಹೋದ್ವಿ. ಒಪ್ಪಿಕೊಳ್ತೀನಿ, ನಾನೂ ಹೋದೆ.

ಆಮೇಲೆ ಬೇರೊಂದು ಕೆಲಸಕ್ಕೆ ಆ ಕಡೆ ಹೋದಾಗ ಊರಿನ ಕಟ್ಟೆ ಮೇಲೆ ಕೂತಿದ್ದ ಹಿರಿಯರೊಬ್ಬರ ಜತೆ ಮಾತಾಡಿದೆ. ಮಾತಿಗೆ ಮಾತು ಬಂದು, ಫೀಲ್ಡಿಗೆ ಹೋಗೋ ಸಿಬ್ಬಂದಿಗೆ ರಕ್ಷಣಾ ಜಾಕೆಟ್ ಕೊಡಬೇಕು ಅನ್ನೋ ವಿಷಯ ತೆಗೆದೆ. ಅವರು ಟವೆಲ್ ಕೊಡವಿ ಹೆಗಲಿಗೆ ಹಾಕ್ಕೊಂಡು ಹೇಳಿದ್ದು ಇದು: "ಗುಂಡಿಗೆ ಜಾಕೀಟ ಇರ್ತದ ತಮ್ಮಾ. ಲಾರಿಗೆ ಯಾವ ಜಾಕೀಟ ಹಾಕ್ಕೊಳ್ಳಾಕ ಬರ್ತದ?"

ಇವತ್ತಿನ ಮಾತೆಲ್ಲ ಈ ಎರಡು ಪ್ರಶ್ನೆಗಳ ಸುತ್ತ. ಅಕ್ಕನ ಪ್ರಶ್ನೆ, ಕಟ್ಟೆಯ ಯಜಮಾನರ ಪ್ರಶ್ನೆ.

ಮೊದಲು ಅಕ್ಕನದ್ದು. ಕೇಸ್ ಆಗುತ್ತಾ?

ನೋಡಿ, ನಮ್ಮ ದೇಶದಲ್ಲಿ ಆಯುಧಗಳಿಗೆ ಇರೋದು 1959ರ ಶಸ್ತ್ರಾಸ್ತ್ರ ಕಾಯ್ದೆ. ಬಂದೂಕು ಬೇಕಂದ್ರೆ ಲೈಸೆನ್ಸ್ ಬೇಕು. ಮೊದಲು ಒಬ್ಬರಿಗೆ ಮೂರು ಬಂದೂಕು ಇಟ್ಟುಕೊಳ್ಳೋಕೆ ಅವಕಾಶ ಇತ್ತು, 2019ರ ತಿದ್ದುಪಡಿಯಲ್ಲಿ ಅದು ಎರಡಕ್ಕೆ ಇಳಿಯಿತು. ಕತ್ತಿ, ಭರ್ಜಿ, ಉದ್ದ ಅಲಗಿನ ಚಾಕು, ಇವೂ ನಿಯಮದ ಪಟ್ಟಿಯಲ್ಲಿವೆ. ಮನೆಗೆಲಸದ, ಹೊಲಗೆಲಸದ ಸಾಮಾನು ಹೊರಗಿವೆ. ಕುಡಗೋಲು ಇಟ್ಟುಕೊಂಡ ರೈತನಿಗೆ ಲೈಸೆನ್ಸ್ ಬೇಡ.

ಬುಲೆಟ್ ಪ್ರೂಫ್ ಜಾಕೆಟ್? 1959ರ ಕಾಯ್ದೆಯಲ್ಲಿ ಆ ಪದವೇ ಇಲ್ಲ. 'ಆಯುಧ' ಅಂದ್ರೆ ಏನು ಅಂತ ಹೇಳುವಾಗ ಕಾಯ್ದೆ 'ದಾಳಿಗೆ ಅಥವಾ ರಕ್ಷಣೆಗೆ ಮಾಡಿದ ಆಯುಧ' ಅನ್ನೋ ಅರ್ಥದ ಮಾತು ಬಳಸುತ್ತೆ. ರಕ್ಷಣೆ ಅನ್ನೋ ಪದ ಇದೆಯಲ್ಲ ಸ್ವಾಮಿ ಅಂತ ಯಾರಾದ್ರೂ ವಕೀಲರು ಕೇಳಬಹುದು. ಆದ್ರೆ ಅಲ್ಲೂ ಮಾತು ಆಯುಧದ್ದೇ. ಜಾಕೆಟ್ ಯಾರನ್ನೂ ಹೊಡೆಯಲ್ಲ. ಹೊಡೆತ ತಿನ್ನುತ್ತೆ, ಅಷ್ಟೇ.

ಹಾಗಂತ ಏನು ಬೇಕಾದ್ರೂ ಹಾಕ್ಕೊಂಡು ತಿರುಗಬಹುದು ಅಂತಲ್ಲ. ಜಾಕೆಟ್ ಮೇಲೆ 'ಪೊಲೀಸ್' ಅಂತ ಬರೆಸಿ ಜನರನ್ನು ಯಾಮಾರಿಸಿದ್ರೆ ಅದು ಅಪರಾಧ. ಸೈನಿಕನ ಥರ ವೇಷ ಹಾಕಿ ಸೈನಿಕ ಅಂತ ನಂಬಿಸಿದ್ರೂ ಅಪರಾಧ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಎರಡಕ್ಕೂ ಪ್ರತ್ಯೇಕ ಸೆಕ್ಷನ್ ಇವೆ. ಸೈನ್ಯದ ದರ್ಜೆಯ ಕವಚವನ್ನು ಹೊರದೇಶಕ್ಕೆ ಕಳಿಸೋ ವ್ಯಾಪಾರದ ಮೇಲೂ ಕೇಂದ್ರದ ನಿಯಂತ್ರಣ ಇದೆ. ಆದ್ರೆ ಜೀವಭಯ ಇರೋ ಒಬ್ಬ ಮನುಷ್ಯ ಅಂಗಿಯ ಒಳಗೆ ಒಂದು ಜಾಕೆಟ್ ಹಾಕ್ಕೊಂಡ ಅನ್ನೋದನ್ನೇ ಅಪರಾಧ ಅಂತ ಶಸ್ತ್ರಾಸ್ತ್ರ ಕಾಯ್ದೆ ಹೇಳಲ್ಲ. ಅದೇ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಸೆಕ್ಷನ್‌ಗಳು ಆತ್ಮರಕ್ಷಣೆಯನ್ನು ಹಕ್ಕು ಅಂತಾನೇ ಕರೀತವೆ.

ಇನ್ನೊಂದು ತಮಾಷೆ ನೋಡಿ. ಬೈಕಿನಲ್ಲಿ ತಲೆಗೆ ಕವಚ ಹಾಕದಿದ್ರೆ ಸರ್ಕಾರವೇ ದಂಡ ಹಾಕುತ್ತೆ. 2016ರ ಜನವರಿಯಿಂದ ನಮ್ಮ ರಾಜ್ಯದಲ್ಲಿ ಹಿಂದೆ ಕೂತೋರಿಗೂ ಹೆಲ್ಮೆಟ್ ಕಡ್ಡಾಯ. ತಲೆಗೆ ಕವಚ ಹಾಕದವನು ತಪ್ಪಿತಸ್ಥ. ಅದೇ ಎದೆಗೆ ಹಾಕ್ಕೊಂಡವನನ್ನ ಕಂಡ್ರೆ, ಇವನ್ಯಾಕೆ ಹಾಕ್ಕೊಂಡ, ಏನು ಮಾಡಿ ಬಂದಿದ್ದಾನೆ ಅಂತ ಅನುಮಾನ!

ಈ ಅನುಮಾನಕ್ಕೆ ಕಾರಣ ಇಲ್ಲ ಅಂತ ನಾನು ಹೇಳಲ್ಲ. ಕೆಲವು ದೇಶಗಳು ಅನುಭವಿಸಿಯೇ ಕಾನೂನು ಮಾಡಿಕೊಂಡಿವೆ. 1997ರ ಫೆಬ್ರವರಿ 28, ಅಮೆರಿಕದ ಲಾಸ್ ಏಂಜಲೀಸ್‌ನ ನಾರ್ತ್ ಹಾಲಿವುಡ್. ಮೈಗೆಲ್ಲ ಕವಚ ಕಟ್ಟಿಕೊಂಡ ಇಬ್ಬರು ಬ್ಯಾಂಕ್ ದರೋಡೆಗೆ ಬಂದರು. ಪೊಲೀಸರ ಪಿಸ್ತೂಲಿನ ಗುಂಡು ಆ ಕವಚವನ್ನು ತೂರಲಿಲ್ಲ. ಆ ದೃಶ್ಯ ಟೀವಿಯಲ್ಲಿ ಲೈವ್ ಹೋಯ್ತು. 2002ರಲ್ಲಿ ಅಲ್ಲಿ ಕಾನೂನು ಬಂತು. ಹಿಂಸೆಯ ಘೋರ ಅಪರಾಧದಲ್ಲಿ ಶಿಕ್ಷೆ ಆದವನು ಕವಚ ಇಟ್ಟುಕೊಳ್ಳುವಂತಿಲ್ಲ.

2022ರ ಮೇ 14. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದ ಸೂಪರ್ ಮಾರ್ಕೆಟ್. ಕವಚ ಹಾಕ್ಕೊಂಡು ಬಂದ ಹಂತಕ 10 ಜನರನ್ನು ಕೊಂದ. ಅಲ್ಲಿದ್ದ ಸೆಕ್ಯುರಿಟಿ ಗಾರ್ಡ್ ನಿವೃತ್ತ ಪೊಲೀಸ್. ಹಂತಕನಿಗೆ ಗುಂಡು ಹೊಡೆದರು. ಕವಚ ಆ ಗುಂಡನ್ನು ತಡೆಯಿತು. ಗಾರ್ಡ್ ಸತ್ತರು. ಅದಾದ ಮುಂದಿನ ತಿಂಗಳೇ ನ್ಯೂಯಾರ್ಕ್‌ನಲ್ಲಿ, ಪೊಲೀಸರಂಥ ಕೆಲವು ವೃತ್ತಿಯವರನ್ನು ಬಿಟ್ಟು ಬೇರೆಯವರಿಗೆ ಬುಲೆಟ್ ಪ್ರೂಫ್ ಜಾಕೆಟ್ ಮಾರಾಟ ನಿಷೇಧ ಅಂತ ಕಾನೂನಾಯ್ತು. ಆದ್ರೆ ಅವಸರದಲ್ಲಿ ಏನಾಯ್ತು ಗೊತ್ತಾ? ಮೊದಲು ಬರೆದ ವ್ಯಾಖ್ಯೆಯಲ್ಲಿ ಸೇರಿದ್ದು ಮೆತ್ತನೆಯ ಜಾಕೆಟ್ ಮಾತ್ರ. ಆ ಹಂತಕ ಹಾಕ್ಕೊಂಡಿದ್ದ ಉಕ್ಕಿನ ಪ್ಲೇಟಿನ ಕವಚವೇ ಕಾನೂನಿನಿಂದ ಹೊರಗಿತ್ತು!

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಈ ಜಾಕೆಟ್ 'ನಿಷೇಧಿತ ಆಯುಧ'ಗಳ ಪಟ್ಟಿಯಲ್ಲೇ ಇದೆ, ಪರ್ಮಿಟ್ ಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾ, ಆಲ್ಬರ್ಟಾ ಪ್ರಾಂತ್ಯಗಳಲ್ಲೂ ಪರ್ಮಿಟ್ ವ್ಯವಸ್ಥೆ ಇದೆ. ಇವರೆಲ್ಲರ ವಾದ ಒಂದೇ: ಪೊಲೀಸರ ಗುಂಡಿಗೆ ಬಗ್ಗದ ಕ್ರಿಮಿನಲ್ ಊರಿಗೇ ಅಪಾಯ. ಈ ವಾದದಲ್ಲಿ ತೂಕ ಇದೆ, ನಾನು ಒಪ್ತೀನಿ. ನಾಳೆ ಬೆಂಗಳೂರಲ್ಲೋ ಕಲಬುರಗಿಯಲ್ಲೋ ಒಬ್ಬ ಸುಪಾರಿ ಹಂತಕ ಕವಚ ಹಾಕ್ಕೊಂಡು ಬಂದ್ರೆ, ನಮ್ಮಲ್ಲೂ ಮರುದಿನವೇ ನಿಷೇಧ ಮಾಡಿ ಅನ್ನೋ ಕೂಗು ಏಳುತ್ತೆ. ನನ್ನ ಸ್ಟುಡಿಯೋದಲ್ಲೇ ಏಳುತ್ತೆ.

ಆ ಕೂಗು ಏಳೋ ಮೊದಲೇ ನಮ್ಮ ನೆಲದಲ್ಲಿ ನಡೆದದ್ದನ್ನ ಒಮ್ಮೆ ನೋಡೋಣ.

2015ರ ಆಗಸ್ಟ್ 30, ಧಾರವಾಡದ ಕಲ್ಯಾಣನಗರ. ಎಂ.ಎಂ. ಕಲಬುರ್ಗಿಯವರ ಮನೆ ಬಾಗಿಲು ಬಡಿದು ಗುಂಡು ಹಾರಿಸಿದರು. 2017ರ ಸೆಪ್ಟೆಂಬರ್ 5, ಬೆಂಗಳೂರಿನ ರಾಜರಾಜೇಶ್ವರಿ ನಗರ. ಗೌರಿ ಲಂಕೇಶ್ ಅವರನ್ನು ಅವರ ಮನೆ ಮುಂದೆಯೇ ಕೊಂದರು. 2020ರ ಜುಲೈ, ಕೋಲಾರ ಜಿಲ್ಲೆ ಬಂಗಾರಪೇಟೆ. ಜಮೀನಿನ ಸರ್ವೆಗೆ ಹೋದ ತಹಸೀಲ್ದಾರರಿಗೆ ಚಾಕು ಹಾಕಿದರು. ನಡುವೆ 2018ರ ಡಿಸೆಂಬರ್, ಚೀಕಲಪರ್ವಿ.

ಈ ನಾಲ್ಕರಲ್ಲೂ ಸತ್ತವರ ಮೈಮೇಲೆ ಇದ್ದದ್ದು ದಿನನಿತ್ಯದ ಬಟ್ಟೆ. ಸ್ವಂತ ಮನೆಯ ಬಾಗಿಲು ತೆಗೆಯುವಾಗ ಯಾರು ಜಾಕೆಟ್ ಹಾಕ್ಕೊಂಡು ಬರ್ತಾರೆ? ಅಮೆರಿಕದ ಭಯ, ಕವಚ ತೊಟ್ಟ ಹಂತಕ. ನಮ್ಮ ಈ ನಾಲ್ಕು ಸಾವುಗಳ ಕಥೆ, ಕಾವಲಿಲ್ಲದ ಮನುಷ್ಯ.

ಈಗ ಐದು ನಿಮಿಷ ನನ್ನ ಓದಿನ ಮಾತು. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಡಿಗ್ರಿ ಮನೆಯ ಅಲ್ಮೇರಾದಲ್ಲಿದೆ, ಆದ್ರೆ ಲ್ಯಾಬಲ್ಲಿ ಕಲಿತದ್ದು ಪೂರ್ತಿ ಮರೆತಿಲ್ಲ.

1965ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಅನ್ನೋ ರಸಾಯನಶಾಸ್ತ್ರಜ್ಞೆಯ ಸಂಶೋಧನೆಯಿಂದ ಹುಟ್ಟಿದ ನಾರು ಕೆವ್ಲರ್. ಅದನ್ನು ಪದರದ ಮೇಲೆ ಪದರ ಹೊಲಿದ್ರೆ ಮೆತ್ತನೆಯ ಜಾಕೆಟ್. ಗುಂಡನ್ನು ಮೀನಿನ ಬಲೆಯ ಥರ ಹಿಡಿದು, ಅದರ ಏಟನ್ನು ಅಗಲಕ್ಕೆ ಹರಡುತ್ತೆ. ಇದು ಪಿಸ್ತೂಲಿಗೆ ಸಾಕು. ರೈಫಲ್ ಗುಂಡಿಗೆ ಸಾಲಲ್ಲ, ಅದಕ್ಕೆ ಮುಂದೆ ಸೆರಾಮಿಕ್ ಥರದ ಗಟ್ಟಿ ಪ್ಲೇಟ್ ಬೇಕು. ಇನ್ನು ಚಾಕುವಿನದ್ದು ಬೇರೆ ಲೆಕ್ಕ. ಗುಂಡು ತಡೆಯೋ ಮೆತ್ತನೆಯ ಜಾಕೆಟ್ಟಿನ ನಾರುಗಳ ನಡುವೆ ಚೂಪು ಮೊನೆ ತೂರಿಬಿಡಬಹುದು. ಚಾಕುವಿಗೆ ಅಂತಲೇ ಬೇರೆ ಜಾಕೆಟ್ ಮಾಡ್ತಾರೆ. ಗುಂಡು ನಿಂತರೂ ಪೆಟ್ಟು ತಪ್ಪಲ್ಲ. ಅಮೆರಿಕದ ಪರೀಕ್ಷೆಯಲ್ಲಿ ಜಾಕೆಟ್ ಹಿಂದಿಟ್ಟ ಜೇಡಿಯಲ್ಲಿ 44 ಮಿಲಿಮೀಟರ್ ವರೆಗೆ ತಗ್ಗು ಬಿದ್ದರೂ ಪಾಸ್. 44 ಮಿಲಿಮೀಟರ್ ಅಂದ್ರೆ ನಿಮ್ಮ ಎರಡು ಬೆರಳಿನ ಅಗಲಕ್ಕಿಂತ ಹೆಚ್ಚು. ಪಕ್ಕೆಲುಬು ಮುರಿಯಬಹುದು, ಜೀವ ಉಳಿಯಬಹುದು.

ನಮ್ಮ ದೇಶದ್ದೇ ಸ್ಟ್ಯಾಂಡರ್ಡ್ ಬಂದದ್ದು ಯಾವಾಗ? 2018ರಲ್ಲಿ. ಐಎಸ್ 17051, ಬಿಐಎಸ್‌ನವರದ್ದು. ಅದೇ 2018ರ ಏಪ್ರಿಲ್‌ನಲ್ಲಿ ಸೈನ್ಯಕ್ಕೆ 1,86,138 ಜಾಕೆಟ್‌ಗಳಿಗೆ 639 ಕೋಟಿ ರೂಪಾಯಿಯ ಒಪ್ಪಂದ ಆಯ್ತು. ಭಾಗಿಸಿ ನೋಡಿ, ಒಂದಕ್ಕೆ ಸುಮಾರು 34,000 ರೂಪಾಯಿ. ಲಕ್ಷಗಟ್ಟಲೆ ಒಟ್ಟಿಗೆ ಕೊಳ್ಳೋ ಸರ್ಕಾರಕ್ಕೇ ಆ ರೇಟು. ಹಾಗಿದ್ದಾಗ ಆನ್‌ಲೈನ್‌ನಲ್ಲಿ ನಾಲ್ಕೈದು ಸಾವಿರಕ್ಕೆ 'ಬುಲೆಟ್ ಪ್ರೂಫ್' ಅಂತ ಬರೋದು ಏನು ಅಂತ ನೀವೇ ಯೋಚನೆ ಮಾಡಿ. ಸುಳ್ಳು ಕವಚ ಇಲ್ಲದ ಕವಚಕ್ಕಿಂತ ಅಪಾಯ. ಹಾಕ್ಕೊಂಡವನು ಧೈರ್ಯ ಮಾಡಿ ಮುಂದೆ ಹೋಗ್ತಾನೆ.

ಈಗ ಕಟ್ಟೆಯ ಯಜಮಾನರ ಪ್ರಶ್ನೆಗೆ ಬರ್ತೀನಿ. ಲಾರಿಗೆ ಯಾವ ಜಾಕೆಟ್?

ಎಕೆ-47ರ ಒಂದು ಗುಂಡು ಸುಮಾರು 8 ಗ್ರಾಂ. ಸೆಕೆಂಡಿಗೆ 700 ಮೀಟರ್ ಚಿಲ್ಲರೆ ವೇಗ. ಅದರ ಶಕ್ತಿ ಸುಮಾರು 2,000 ಜೂಲ್. ಮರಳು ತುಂಬಿದ 25 ಟನ್ನಿನ ಲಾರಿ ಗಂಟೆಗೆ ಬರೀ 40 ಕಿಲೋಮೀಟರ್ ವೇಗದಲ್ಲಿ ಬಂತು ಅಂದ್ಕೊಳ್ಳಿ. ಅದರ ಶಕ್ತಿ 15 ಲಕ್ಷ ಜೂಲ್. ಒಂದು ಗುಂಡಿನ ಏಳುನೂರು ಪಟ್ಟಿಗೂ ಜಾಸ್ತಿ. ಇದನ್ನು ತಡೆಯೋ ಜಾಕೆಟ್ ಪ್ರಪಂಚದಲ್ಲಿ ಇಲ್ಲ, ಇರೋಕೂ ಸಾಧ್ಯ ಇಲ್ಲ. ಯಜಮಾನರು ಕಟ್ಟೆ ಮೇಲೆ ಕೂತು ಹೇಳಿದ್ದೇ ಸರಿ.

ಆದ್ರೆ ಲಾರಿಗೂ ಕವಚ ಇದೆ, ಯಜಮಾನರೇ. ಅದನ್ನ ಮೈಮೇಲೆ ಹಾಕೋಕೆ ಬರಲ್ಲ, ರಸ್ತೆ ಮೇಲೆ ಹಾಕಬೇಕು. ಕಾಂಕ್ರೀಟ್ ತಡೆ, ಬ್ಯಾರಿಕೇಡ್, ಲೈಟು, ಕ್ಯಾಮೆರಾ, ಬಂದೂಕು ಇರೋ ಪೊಲೀಸರ ಜೀಪು. ಒಬ್ಬ ಮನುಷ್ಯ ಕೈ ಅಡ್ಡ ಹಿಡಿದು ಲಾರಿ ನಿಲ್ಲಿಸೋದಲ್ಲ, ಲಾರಿ ತಾನಾಗಿ ನಿಲ್ಲಲೇಬೇಕಾದ ರಸ್ತೆ ಮಾಡೋದು. ಈ ಕವಚ ಅಂಗಡಿಯಲ್ಲಿ ಸಿಗಲ್ಲ, ಅಕ್ಕ ತಮ್ಮನಿಗೆ ಕೊಡಿಸೋಕೆ ಆಗಲ್ಲ. ಕೊಡಬೇಕಾದದ್ದು ಸರ್ಕಾರ ಒಂದೇ.

ನಿಮಗೆಲ್ಲ ಕರ್ಣನ ಕಥೆ ಗೊತ್ತು. ಹುಟ್ಟುವಾಗಲೇ ಮೈಗೆ ಅಂಟಿ ಬಂದ ಕವಚ, ಕರ್ಣಕುಂಡಲ. ಅದು ಇರೋವರೆಗೆ ಅವನನ್ನು ಕೊಲ್ಲೋಕೆ ಆಗಲ್ಲ ಅಂತ ಗೊತ್ತಿದ್ದೇ ಇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಕೇಳಿದ. ಕರ್ಣ ಮೈಯಿಂದ ಕೊಯ್ದು ಕೊಟ್ಟ. ನಾವು ಚಿಕ್ಕವರಿದ್ದಾಗಿನಿಂದ ಕರ್ಣನ ದಾನದ ಬಗ್ಗೆ ಕೇಳಿದ್ದೀವಿ. ಆದ್ರೆ ಇನ್ನೊಂದು ಮಾತು ಮರೀತೀವಿ. ಅಷ್ಟು ಕಪಟ ಮಾಡಿದ ಇಂದ್ರ ಕೂಡ ಬರೀ ತಗೊಂಡು ಹೋಗಲಿಲ್ಲ. ಬದಲಿಗೆ ಶಕ್ತ್ಯಾಯುಧ ಕೊಟ್ಟು ಹೋದ.

ಕಾನೂನಿನ ಒಪ್ಪಂದವೂ ಹೀಗೇ ಇರಬೇಕು. ಚುನಾವಣೆ ಬಂದಾಗ ಲೈಸೆನ್ಸ್ ಇರೋ ರೈತನ ಬಂದೂಕನ್ನ ಠಾಣೆಗೆ ಒಪ್ಪಿಸು ಅಂತೀರಿ. ಅವನು ಒಪ್ಪಿಸ್ತಾನೆ. ಯಾಕೆ? ಅಷ್ಟು ದಿನ ಪೊಲೀಸರು ನೋಡ್ಕೋತಾರೆ ಅನ್ನೋ ನಂಬಿಕೆ. ನಾಳೆ ಜಾಕೆಟ್ಟನ್ನೂ ಬೇಡ ಅನ್ನೋದಾದ್ರೆ ಕೇಳೋ ಹಕ್ಕು ಸರ್ಕಾರಕ್ಕೆ ಇರಬಹುದು. ಆದ್ರೆ ಅದಕ್ಕೆ ಬದಲಾಗಿ ಏನು ಕೊಡ್ತೀರಿ ಅಂತ ಕೇಳೋ ಹಕ್ಕು ನಮಗೂ ಇದೆ.

ಸರ್ಕಾರ ತಾನು ಕೊಟ್ಟ ಜಾಕೆಟ್ಟನ್ನು ಎಷ್ಟು ಜೋಪಾನ ಮಾಡುತ್ತೆ ಅನ್ನೋದಕ್ಕೂ ಒಂದು ಉದಾಹರಣೆ ಇದೆ. 2008ರ ನವೆಂಬರ್ 26ರ ರಾತ್ರಿ, ಮುಂಬೈ. ಹೇಮಂತ್ ಕರ್ಕರೆ ಹೆಲ್ಮೆಟ್ಟು, ಜಾಕೆಟ್ಟು ಹಾಕ್ಕೊಳ್ಳೋ ದೃಶ್ಯವನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. ಅದೇ ರಾತ್ರಿ ಅವರು ಹುತಾತ್ಮರಾದರು. ಆಮೇಲೆ ಅವರ ಪತ್ನಿ ಮಾಹಿತಿ ಹಕ್ಕಿನಲ್ಲಿ ಆ ಜಾಕೆಟ್ ಬಗ್ಗೆ ಕೇಳಿದರು. ಸಿಕ್ಕ ಉತ್ತರ: ಜಾಕೆಟ್ಟೇ ಕಾಣೆಯಾಗಿದೆ. ಅದರ ಗುಣಮಟ್ಟ ಹೇಗಿತ್ತು ಅಂತ ಪರೀಕ್ಷೆ ಮಾಡೋಕೂ ಜಾಕೆಟ್ ಇಲ್ಲ!

ಹಾಗಾದ್ರೆ ಏನು ಮಾಡಬೇಕು? ಬರೀ ಬೈದು ಎದ್ದು ಹೋದ್ರೆ ಆಗಲ್ಲ. ನನ್ನದು ಮೂರು ಮಾತು.

ಒಂದು, ಪೂರ್ತಿ ನಿಷೇಧ ಬೇಡ, ಲೆಕ್ಕ ಇರಲಿ. ಮಾರೋರು ಗುರುತಿನ ಚೀಟಿ ನೋಡಿ, ಬಿಲ್ ಕೊಟ್ಟು, ದಾಖಲೆ ಇಡಲಿ. ಕೊಲೆ, ದರೋಡೆಯಲ್ಲಿ ಶಿಕ್ಷೆ ಆದವರಿಗೆ ಮಾರುವಂತಿಲ್ಲ ಅನ್ನಿ. ಕವಚ ಹಾಕ್ಕೊಂಡು ಅಪರಾಧ ಮಾಡಿದ್ರೆ ಶಿಕ್ಷೆ ಜಾಸ್ತಿ ಮಾಡಿ. ಐಎಸ್ 17051 ಪ್ರಕಾರ ಪರೀಕ್ಷೆ ಆಗದ ಮಾಲಿಗೆ 'ಬುಲೆಟ್ ಪ್ರೂಫ್' ಅನ್ನೋ ಹೆಸರೇ ಹಾಕುವಂತಿಲ್ಲ ಅನ್ನಿ. ಪ್ರಾಮಾಣಿಕನಿಗೆ ಇದರಿಂದ ತೊಂದರೆ ಇಲ್ಲ.

ಎರಡು, ರಾತ್ರಿ ಹೊಳೆ ದಂಡೆಗೆ, ವ್ಯಾಜ್ಯದ ಜಮೀನಿನ ಸರ್ವೆಗೆ ಕಂದಾಯದ ಸಿಬ್ಬಂದಿಯನ್ನ ಒಬ್ಬೊಬ್ಬರನ್ನೇ ಕಳಿಸಬೇಡಿ. ಗ್ರಾಮ ಲೆಕ್ಕಿಗ ಅನ್ನೋ ಹೆಸರನ್ನ ಈಗ ಗ್ರಾಮ ಆಡಳಿತ ಅಧಿಕಾರಿ ಅಂತ ಬದಲಾಯಿಸಿದ್ದೀರಿ. ಸಂತೋಷ. ಹೆಸರು ಉದ್ದ ಆದ್ರೆ ಎದೆ ಗಟ್ಟಿ ಆಗಲ್ಲ. ಪೊಲೀಸ್ ಜತೆಗಿಲ್ಲದೆ ಲಾರಿ ತಡೆಯೋಕೆ ಹೋಗಬೇಡ ಅಂತ ಲಿಖಿತ ಆದೇಶ ಕೊಡಿ. ಆದೇಶ ಇಲ್ಲ ಅಂದ್ರೆ, ತಡೆಯದಿದ್ರೆ ಸಸ್ಪೆಂಡು, ತಡೆದ್ರೆ ಸಾವು.

ಮೂರು, ಜೀವಭಯ ಇದೆ ಅಂತ ಅರ್ಜಿ ಕೊಟ್ಟವನಿಗೆ ಗಡುವಿನೊಳಗೆ ಉತ್ತರ ಕೊಡಿ. ಇದೇನು ಆಗದ ಕೆಲಸ ಅಲ್ಲ. 2018ರ ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಸಾಕ್ಷಿಗಳ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಾಕ್ಷಿಗೆ ಎಷ್ಟು ಅಪಾಯ ಇದೆ ಅಂತ ಪೊಲೀಸರು 5 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು ಅಂತ ಅದರಲ್ಲಿದೆ. ತಿಂಗಳು ಗಮನಿಸಿ, 2018ರ ಡಿಸೆಂಬರ್. ಚೀಕಲಪರ್ವಿಯಲ್ಲಿ ಲಾರಿ ಹರಿದ ಅದೇ ತಿಂಗಳು. ಅಪರಾಧ ಕಂಡು ಕೋರ್ಟಿಗೆ ಬರೋನಿಗೆ ಒಂದು ಯೋಜನೆ ಇದೆ. ಅಪರಾಧವನ್ನ ಸ್ಥಳದಲ್ಲೇ ತಡೆಯೋಕೆ ನಿಂತವನಿಗೆ ಅಂಥದ್ದೊಂದು ಯಾಕೆ ಬೇಡ?

ಕೊನೆಗೆ, ಮಾನ್ವಿಯ ಆ ಅಕ್ಕನಿಗೆ.

ಅಕ್ಕಾ, ತಮ್ಮನಿಗೆ ಅಂತ ಜಾಕೆಟ್ ಕೊಂಡ್ರೆ ಶಸ್ತ್ರಾಸ್ತ್ರ ಕಾಯ್ದೆ ನಿಮ್ಮ ಮನೆ ಬಾಗಿಲಿಗೆ ಬರಲ್ಲ. ಆದ್ರೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗೋದನ್ನ ನಂಬಿ ದುಡ್ಡು ಹಾಕಬೇಡಿ. ಪರೀಕ್ಷೆಯ ವರದಿ ಕೊಡದ ಮಾಲು ಬರೀ ದಪ್ಪ ಅಂಗಿ. ಒಳ್ಳೇದೇ ಸಿಕ್ಕಿದ್ರೂ, ನಲವತ್ತು ಡಿಗ್ರಿ ದಾಟೋ ರಾಯಚೂರು ಬಿಸಿಲಲ್ಲಿ ಅದನ್ನ ನಿಮ್ಮ ತಮ್ಮ ದಿನಾ ಹಾಕ್ಕೊಳ್ಳಲ್ಲ. ಹಾಕ್ಕೊಂಡರೂ ಲಾರಿ ಮುಂದೆ ಅದು ನಡೆಯಲ್ಲ. ಆ ದುಡ್ಡು ಉಳಿಸಿ. ಬದಲಿಗೆ ತಮ್ಮನ ಕೈಲಿ ಒಂದು ಅರ್ಜಿ ಬರೆಸಿ. ತಹಸೀಲ್ದಾರರಿಗೆ ಒಂದು, ಜಿಲ್ಲಾಧಿಕಾರಿಗೆ ಒಂದು, ಎಸ್ಪಿಗೆ ಒಂದು. 'ರಾತ್ರಿ ಡ್ಯೂಟಿಗೆ ಪೊಲೀಸ್ ರಕ್ಷಣೆ ಕೊಡಿ' ಅಂತ. ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅದರ ಒಂದು ಪ್ರತಿ ನಮಗೂ ಕಳಿಸಿ. ಈ ಸಲ ಮೂರನೇ ದಿನ ಬೇರೆ ಸುದ್ದಿಗೆ ಹೋಗಲ್ಲ ಅಂತ ನಾನು ಕ್ಯಾಮೆರಾ ಮುಂದೆ ಹೇಳ್ತಿದ್ದೀನಿ. ನೀವೆಲ್ಲ ಸಾಕ್ಷಿ.

ಅವ್ವಗ ನಿದ್ದಿ ಮಾಡಾಕ ಹೇಳ್ರಿ ಅನ್ನೋ ಧೈರ್ಯ ನನಗಿನ್ನೂ ಇಲ್ಲ. ಆ ಮಾತು ಹೇಳಬೇಕಾದವರು ವಿಧಾನಸೌಧದಲ್ಲಿದ್ದಾರೆ.